ನಮ್ಮ ಹೊಳೆಯ ಕಥೆ ಹಾಡುವವರು

ಮಲಪ್ರಭಾ ನದಿ ನಮ್ಮ ಕಣಕುಂಬಿಯಲ್ಲಿ ಹುಟ್ಟುತ್ತದೆ ಎಂದು ನಿಮಗೆಲ್ಲ ಗೊತ್ತು. ಅದೇ ಹೊಳೆ ಮುಂದೆ ಸವದತ್ತಿ ಕಡೆಗೆ ಹರಿಯುತ್ತದೆ. ಅಲ್ಲಿ ಗುಡ್ಡದ ಮೇಲೆ ಎಲ್ಲಮ್ಮ ದೇವಿ ಇದ್ದಾಳೆ. ಈ ದೇವಿಯ ದೊಡ್ಡ ಕಥೆಯನ್ನು ಪುಸ್ತಕ ನೋಡದೆ ಹಾಡುವವರು ಜೋಗತಿಯರು ಮತ್ತು ಜೋಗಪ್ಪಗಳು. ಅವರ ಬಗ್ಗೆ ತಿಳಿದಷ್ಟು ಬರೆಯುತ್ತೇನೆ.

ಎಲ್ಲಮ್ಮನ ಇನ್ನೊಂದು ಹೆಸರು ರೇಣುಕೆ. ಆಕೆ ಜಮದಗ್ನಿ ಋಷಿಯ ಹೆಂಡತಿ. ದಿನಾ ಹೊಳೆಗೆ ಹೋಗಿ ಮರಳಿನ ಕೊಡ ಮಾಡಿ, ಹಾವನ್ನೇ ಸಿಂಬಿ ಸುತ್ತಿ, ನೀರು ಹೊತ್ತು ತರುತ್ತಿದ್ದಳು. ಒಂದು ದಿನ ನೀರಾಟ ಆಡುವವರನ್ನು ನೋಡಿ ಮನಸ್ಸು ಚಂಚಲವಾಯಿತು. ಮರಳಿನ ಕೊಡ ನಿಲ್ಲಲಿಲ್ಲ. ಋಷಿ ಸಿಟ್ಟಾಗಿ ಆಕೆಯ ತಲೆ ಕಡಿಯಲು ಮಕ್ಕಳಿಗೆ ಹೇಳಿದ. ಪರಶುರಾಮ ಕಡಿದ. ಆಮೇಲೆ ವರ ಬೇಡಿ ತಾಯಿಯನ್ನು ಬದುಕಿಸಿಕೊಂಡ. ಆ ಹೊಳೆ ಮಲಪ್ರಭೆಯೇ ಎಂದು ಜನ ನಂಬುತ್ತಾರೆ.

ಅವರ ವಾದ್ಯ ಚೌಡಿಕಿ. ಮರದ ಡಬ್ಬಿಯ ಒಂದು ಬಾಯಿಗೆ ಚರ್ಮ, ಅದಕ್ಕೊಂದು ತಂತಿ. ತಂತಿ ಬಿಗಿ ಹಿಡಿದರೆ ದನಿ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಒಬ್ಬರು ಹಾಡಿದರೆ ಉಳಿದವರು ತಾಳ ಹಾಕುತ್ತ ಸೊಲ್ಲು ಹಿಡಿಯುತ್ತಾರೆ.

ಇಷ್ಟು ಉದ್ದದ ಹಾಡು ನೆನಪು ಇರೋದು ಹ್ಯಾಂಗ? ಅದು ಮಗ್ಗಿಯಂತೆ ಬಾಯಿಪಾಠ ಮಾಡಿದ್ದಲ್ಲ. ನಮ್ಮೂರಿಂದ ಖಾನಾಪುರಕ್ಕೆ ಹೋಗುವಾಗ ನಡುವೆ ಜಾಂಬೋಟಿ ಬಂದೇ ಬರುತ್ತದೆ. ಹಾಗೆ ಕಥೆಯ ನಿಲ್ದಾಣಗಳು ಗಟ್ಟಿ. ನಡುವಿನ ಮಾತು ಒಂದು ದಿನ ಉದ್ದ, ಒಂದು ದಿನ ಗಿಡ್ಡ. ಪದೇ ಪದೇ ಬರುವ ಮಾತುಗಳು ಆಸರೆ ಕೊಡುತ್ತವೆ. ಉಳಿದವರು ಸೊಲ್ಲು ಹೇಳುವಷ್ಟರಲ್ಲಿ ಮುಂದಿನ ಸಾಲು ಹೊಳೆಯುತ್ತದೆ.

ಇಂಥವರು ಬೇರೆ ಕಡೆಯೂ ಇದ್ದಾರೆ. ಚಾಮರಾಜನಗರ ಜಿಲ್ಲೆಯಲ್ಲಿ ದೇವರಗುಡ್ಡರು ಮಲೆ ಮಾದೇಶ್ವರನ ಕಥೆಯನ್ನು ಕಂಸಾಳೆ ಹಿಡಿದು ಹಾಡುತ್ತಾರೆ. ದೂರದ ಕಿರ್ಗಿಸ್ತಾನ ದೇಶದಲ್ಲಿ ಮಾನಸ್ ಎಂಬ ವೀರನ ಕಾವ್ಯವಿದೆ. ಅದನ್ನು ಹಾಡುವವರು ಮಾನಸ್ಚಿಗಳು. ಅವರಿಗೆ ವಾದ್ಯವೇ ಇಲ್ಲ, ಬರೀ ದನಿ ಮತ್ತು ಕೈಸನ್ನೆ. ಸಯಾಕ್‌ಬಾಯ್ ಕರಾಲಾಯೆವ್ (1894–1971) ಎಂಬವರಿಂದ ಬರೆದುಕೊಂಡ ಮಾನಸ್ ಕಾವ್ಯ ಸುಮಾರು 5 ಲಕ್ಷ ಸಾಲು! ನಮ್ಮ ಮಹಾಭಾರತ 1 ಲಕ್ಷ ಶ್ಲೋಕ ಎನ್ನುತ್ತಾರೆ, ಅಂದರೆ 2 ಲಕ್ಷ ಸಾಲು. 2013ರಲ್ಲಿ ಯುನೆಸ್ಕೊ ಸಂಸ್ಥೆ ಕಿರ್ಗಿಸ್ತಾನದ ಮಾನಸ್ ಗಾಯನವನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿ ಹಾಡುವವರಿಗೆ ಅಷ್ಟು ಮರ್ಯಾದೆ. ನಮ್ಮಲ್ಲಿ? ಜೋಗತಿ ತಲೆ ಮೇಲೆ ಜಗ ಹೊತ್ತು ಓಣಿಗೆ ಬಂದರೆ ಕೆಲವರು ನಗ್ತಾರ, ಭಿಕ್ಷೆಯವರು ಅಂತಾರ. ಜೋಗಪ್ಪಗಳಿಗೆ ಅಡ್ಡಹೆಸರು ಇಟ್ಟು ಕೂಗ್ತಾರ. ಇದು ತಪ್ಪು. ಚೌಡಿಕಿ ನುಡಿಸಿ ಹಾಡುವ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಇನ್ನೊಂದು ಮಾತು. ಹುಡುಗಿಯರಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವ ಪದ್ಧತಿಯನ್ನು ಕರ್ನಾಟಕದ 1982ರ ಕಾನೂನು ನಿಷೇಧಿಸಿತು. ಆ ಪದ್ಧತಿ ಪೂರಾ ನಿಲ್ಲಲೇಬೇಕು. ಆದರೆ ಹಾಡು ಏನು ತಪ್ಪು ಮಾಡಿದೆ? ಹಾಡು ಕಲಿಯಲು ಯಾರಿಗೂ ಮುತ್ತು ಕಟ್ಟಬೇಕಾಗಿಲ್ಲ. ಯಾರು ಬೇಕಾದರೂ ಕಲಿಯಬಹುದು.

ಆದ್ದರಿಂದ ಗೆಳೆಯರೇ, ಚೌಡಿಕಿ ಸಪ್ಪಳ ಕೇಳಿದರೆ ಓಡಿಹೋಗಬೇಡಿ, ಕೂತು ಕೇಳ್ರಿ. ಅವರು ಒಪ್ಪಿದರೆ ನಾಲ್ಕು ನುಡಿ ವಹಿಯಲ್ಲಿ ಬರೆದುಕೊಳ್ಳಿ. ಹೊಳೆ ನಮ್ಮೂರದ್ದು, ಅದರ ಕಥೆ ನಮಗೇ ಬರದಿದ್ದರೆ ಹ್ಯಾಂಗ?

— 7ನೆಯ ಇಯತ್ತೆ