ಬಿರುಕಿನ ತುದಿ

ಗೋಡೆಯಲ್ಲಿ ಬಿರುಕು ಕಂಡೊಡನೆ ಅದರ ಅಗಲವನ್ನು ನೋಡಿ ಹೆದರುವುದು ಅಥವಾ ಸಮಾಧಾನ ತಾಳುವುದು ನಮ್ಮೆಲ್ಲರ ರೂಢಿ. ಎಂಜಿನಿಯರರು ಮೊದಲು ಕೇಳುವ ಪ್ರಶ್ನೆಯಾದರೋ ಬೇರೆ. ಬಿರುಕು ಎಲ್ಲಿ ಕೊನೆಗೊಂಡಿದೆ? ಇನ್ನೂ ಬೆಳೆಯುತ್ತಿದೆಯೇ? ಏಕೆಂದರೆ ಅದರ ಬಲವೆಲ್ಲವೂ ತುದಿಯಲ್ಲಿರುವುದು.

ಕಲ್ಲುಕುಟಿಗರು ಇದನ್ನು ಶಾಸ್ತ್ರವನ್ನೋದದೆಯೇ ಬಲ್ಲರು. ಬಂಡೆಯ ಮೇಲೆ ಸಾಲಾಗಿ ಕುಳಿಗಳನ್ನು ತೋಡಿ, ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಹದವಾಗಿ ಪೆಟ್ಟು ಕೊಡುವರು. ಬಂಡೆಯು ಆ ಸಾಲಿನಲ್ಲಿಯೇ ಸೀಳುವುದು. ಕಗ್ಗಲ್ಲು ಎಷ್ಟು ಭಾರವನ್ನು ಹೊರಬಲ್ಲುದೋ ಅದರ ಹತ್ತರಲ್ಲೊಂದು ಪಾಲಿನಷ್ಟು ಎಳೆತವನ್ನು ಸಹ ತಾಳುವುದು ಕಷ್ಟ.

1913ರಲ್ಲಿ ಇಂಗ್ಲಿಸ್ ಎಂಬ ಆಂಗ್ಲ ಪಂಡಿತರು ಇದನ್ನು ಗಣಿತದಿಂದ ತೋರಿಸಿದರು. ಎಳೆಯಲ್ಪಟ್ಟ ತಗಡಿನಲ್ಲಿ ದುಂಡಾದ ರಂಧ್ರವಿದ್ದರೆ ಅದರ ಅಂಚಿನಲ್ಲಿ ಎಳೆತವು 3 ಪಟ್ಟಾಗುವುದು; ಎಳೆತಕ್ಕೆ ಅಡ್ಡಲಾಗಿ, ಅಗಲದ 10 ಪಟ್ಟು ಉದ್ದವಾದ ದೀರ್ಘವೃತ್ತದ ರಂಧ್ರವಿದ್ದರೆ ಅದರ ತುದಿಯಲ್ಲಿ 21 ಪಟ್ಟಾಗುವುದು. ದೀರ್ಘವೃತ್ತವನ್ನು ಕಲಿತು ಪ್ರಯೋಜನವೇನೆಂದು ಕೇಳುವ ವಿದ್ಯಾರ್ಥಿನಿಯರಿಗೆ ಇದೊಂದು ಉತ್ತರ! ಬಿರುಕಾದರೋ ಇನ್ನೂ ಚೂಪಾದುದು.

ಹಾಗಾದರೆ ಬಿರುಕುಬಿಟ್ಟ ವಸ್ತುಗಳೆಲ್ಲವೂ ಕೂಡಲೇ ಏಕೆ ಒಡೆಯುವುದಿಲ್ಲ? ಗಾಜಿನ ಮೇಲೆ ಪ್ರಯೋಗ ನಡೆಸಿದ ಗ್ರಿಫಿತ್ ಎಂಬವರು 1921ರಲ್ಲಿ ಪ್ರಕಟವಾದ ಲೇಖನದಲ್ಲಿ ಇದಕ್ಕೆ ಸಮಾಧಾನವಿತ್ತರು. ಬಿರುಕು ಮುಂದುವರಿಯಬೇಕಾದರೆ ಎರಡು ಹೊಸ ಮುಖಗಳು ಉಂಟಾಗಬೇಕು. ಅದಕ್ಕೆ ಶಕ್ತಿಯು ವ್ಯಯವಾಗುವುದು. ಆ ಶಕ್ತಿಯು ಬಿಗಿದ ವಸ್ತುವಿನಿಂದಲೇ ಬರಬೇಕು. ಬಿರುಕಿನ ಉದ್ದವು ಇಮ್ಮಡಿಯಾದರೆ ವ್ಯಯವು ಇಮ್ಮಡಿ, ಆದರೆ ಬಿಡುಗಡೆಯಾಗುವ ಶಕ್ತಿಯು ನಾಲ್ಮಡಿ. ಆದುದರಿಂದ ಒಂದು ಮಿತಿಯವರೆಗೆ ಸುಮ್ಮನಿದ್ದ ಬಿರುಕು ಆ ಮಿತಿಯನ್ನು ದಾಟಿದೊಡನೆ ತಾನಾಗಿ ಓಡುವುದು.

ಗಾರೆಯಲ್ಲಿ ಈ ಓಟವು ಗಾಜಿನಲ್ಲಿರುವಷ್ಟು ಸುಗಮವಲ್ಲ. ಬಿರುಕು ಮರಳಿನ ಕಣಗಳನ್ನು ಸುತ್ತಿ, ಡೊಂಕಾಗಿ ಸಾಗಿ, ಬಲಗುಂದುವುದು. ಸುಣ್ಣದ ಗಾರೆಗೆ ಮತ್ತೊಂದು ಗುಣವುಂಟು: ಕೂದಲೆಳೆಯಂಥ ಬಿರುಕಿನಲ್ಲಿ ನೀರು ಇಳಿದಾಗ ಸುಣ್ಣವು ಕರಗಿ, ಮರಳಿ ಗಟ್ಟಿಯಾಗಿ, ಅದನ್ನು ಮುಚ್ಚುವುದು. ಹಳೆಯ ಮೆದು ಇಟ್ಟಿಗೆಯ ಗೋಡೆಯ ಸಂದುಗಳಿಗೆ ಗಟ್ಟಿ ಸಿಮೆಂಟನ್ನು ತುಂಬಿದರೆ, ಸಂದಿನಲ್ಲಿ ಹೋಗಬೇಕಾದ ಬಿರುಕು ಇಟ್ಟಿಗೆಯನ್ನೇ ಸೀಳುವ ಭಯವಿದೆ. ಬಲವಾದ ಗಾರೆಯೇ ಉತ್ತಮವೆಂಬ ಮೇಸ್ತ್ರಿಗಳ ವಾದವನ್ನು ನಾವು ಪೂರ್ಣವಾಗಿ ಒಪ್ಪಲಾರೆವು.

ಆದರೆ ನೀರು ಯಾವಾಗಲೂ ಮಿತ್ರನಲ್ಲ. ಫ್ರಾನ್ಸ್ ದೇಶದ ಪೂರ್ವಭಾಗದಲ್ಲಿ ಎಪಿನಾಲ್ ಪಟ್ಟಣದ ಸಮೀಪದಲ್ಲಿ ಬೂಝೆ ಎಂಬ ಕಲ್ಲುಗಾರೆಯ ಅಣೆಕಟ್ಟಿತ್ತು. 1884ರಲ್ಲಿ ಅದರ ಒಂದು ಭಾಗವು ಮುಂದಕ್ಕೆ ಜರುಗಿ ಬಿರುಕುಗಳು ತೋರಿದುವು. ದುರಸ್ತಿಯಾಯಿತು, ಬುಡವನ್ನು ಬಲಪಡಿಸಿದರು. ಮೇಲ್ಭಾಗವಾದರೋ ತೆಳುವಾಗಿಯೇ ಉಳಿಯಿತು. ನೀರಿನ ಕಡೆಯ ಮುಖವು ಎಳೆತಕ್ಕೊಳಗಾಗಿ ಅಡ್ಡ ಬಿರುಕು ಬಾಯ್ದೆರೆಯಿತು. ಒಳಹೊಕ್ಕ ನೀರು ಮೇಲಿನ ಕಟ್ಟಡವನ್ನು ಎತ್ತುತ್ತ ಬಿರುಕಿನ ತುದಿಯನ್ನು ಮುಂದಕ್ಕೆ ನೂಕಿತು. 1895ನೆಯ ಏಪ್ರಿಲ್ 27ರಂದು ಮೇಲ್ಭಾಗವು ಮುರಿದುಬಿದ್ದು, 80ಕ್ಕೂ ಹೆಚ್ಚು ಮಂದಿ ಪ್ರಾಣಬಿಟ್ಟರು. ನೀರಿನ ಕಡೆಯ ಮುಖದಲ್ಲಿ ಕಟ್ಟಡದ ಒತ್ತಡವು ಎಲ್ಲಿಯೂ ಆ ಆಳದ ನೀರಿನ ಒತ್ತಡಕ್ಕಿಂತ ಕಡಿಮೆಯಾಗಬಾರದೆಂಬ ನಿಯಮವನ್ನು ಮೊರೀಸ್ ಲೆವಿ ಎಂಬ ಎಂಜಿನಿಯರರು ಆ ಬಳಿಕ ಮುಂದಿಟ್ಟರು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಮನೆಯೊಡತಿಯರಾಗಿರುವುದರಿಂದ ಒಂದು ಸುಲಭವಾದ ಪರೀಕ್ಷೆಯನ್ನು ತಿಳಿಸುವೆವು. ಗೋಡೆಯ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನಿಟ್ಟು, ಎರಡು ತುದಿಗಳನ್ನೂ ಗಾರೆಯಿಂದ ಕೂರಿಸಿ, ಪಕ್ಕದಲ್ಲಿ ತಾರೀಖನ್ನು ಬರೆಯಿರಿ. ಬಿರುಕಿನ ತುದಿಗೂ ಸೀಸದ ಕಡ್ಡಿಯಿಂದ ಗೆರೆಯೆಳೆಯಿರಿ. ಮಳೆಗಾಲವೊಂದು, ಬೇಸಗೆಯೊಂದು ಕಳೆಯಲಿ. ಗಾಜು ಒಡೆದಿದ್ದರೆ, ಅಥವಾ ಬಿರುಕು ಗೆರೆಯನ್ನು ದಾಟಿದ್ದರೆ, ಸುಣ್ಣ ಬಳಿಯುವವನನ್ನಲ್ಲ, ಎಂಜಿನಿಯರರನ್ನು ಕರೆಯಿಸಿರಿ.