ಇಟಲಿಯ ಗುಡ್ಡದೂರುಗಳು: ಒಂದು ಪ್ರವಾಸದ ಲೆಕ್ಕಾಚಾರ

ಕಳೆದ ಮಳೆಗಾಲದ ಒಂದು ಸಂಜೆ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಇಟಲಿಯ ಭೂಪಟವನ್ನು ಮೇಜಿನ ತುಂಬ ಹರಡಿಕೊಂಡು ನಾವು ಮೂವರು ಕುಳಿತಿದ್ದೆವು. ಆ ದೇಶದ ನಡುಭಾಗದಲ್ಲಿ, ರೋಮ್ ಮತ್ತು ಫ್ಲಾರೆನ್ಸ್ ನಗರಗಳ ನಡುವೆಯೂ ಅದರ ಪೂರ್ವಕ್ಕೂ, ಗುಡ್ಡಗಳ ನೆತ್ತಿಯ ಮೇಲೆ ಕಟ್ಟಿದ ಪ್ರಾಚೀನ ಊರುಗಳು ಅನೇಕವಿವೆ. ಅಲ್ಲಿಯ ಊಟವೂ ದ್ರಾಕ್ಷಾಮದ್ಯವೂ ಲೋಕಪ್ರಸಿದ್ಧ. ಕೂಡಿಟ್ಟ ಹಣದಲ್ಲಿ ಏಳು ದಿನ ಆ ಸೀಮೆಯನ್ನು ಸುತ್ತಿ ಬರಬೇಕೆಂಬುದು ನಮ್ಮ ಸಂಕಲ್ಪ. ಊಟದ ವಿಷಯದಲ್ಲಿ ಪರಮನಿಷ್ಠರಾದ ರಸಾಯನಶಾಸ್ತ್ರದ ಮಿತ್ರರು ಅಡಿಪಟ್ಟಿಯನ್ನು ಹಿಡಿದು, ಗಳಿಗೆಯೊಂದರಲ್ಲಿ ಹನ್ನೊಂದು ಊರುಗಳನ್ನು ಸರದಂತೆ ಪೋಣಿಸಿಬಿಟ್ಟರು. "ಎಲ್ಲವೂ ಮೂವತ್ತು ನಲವತ್ತು ಕಿಲೋಮೀಟರುಗಳ ಅಂತರದಲ್ಲೇ ಇವೆಯಲ್ಲ!" ಎಂಬುದು ಅವರ ವಾದ.

ಆ ಹನ್ನೊಂದು ಈಗ ಆರಕ್ಕೆ ಇಳಿದಿದೆ. ಇಳಿಸಿದವರು ನಾವಲ್ಲ, ಭೌತವಿಜ್ಞಾನ. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ದಾರಿಯನ್ನೇ ತೆಗೆದುಕೊಳ್ಳೋಣ. ಗುಡ್ಡದ ದಾರಿ ನೇರವಾಗಿ ಏರುವುದಿಲ್ಲ; ಹಾವಿನಂತೆ ಬಳುಕುತ್ತ ಏರುತ್ತದೆ. ತಿರುವಿನಲ್ಲಿ ಸಾಗುವ ವಾಹನವನ್ನು ಒಳಮುಖವಾಗಿ ಎಳೆಯುವ ಬಲ ಬೇಕು, ಅದನ್ನು ಒದಗಿಸುವುದು ಗಾಲಿಗೂ ನೆಲಕ್ಕೂ ನಡುವಣ ಘರ್ಷಣೆ. ಕುಳಿತವರಿಗೆ ಹೊಟ್ಟೆ ತೊಳಸದಿರಬೇಕಾದರೆ ಈ ಪಾರ್ಶ್ವದ ವೇಗೋತ್ಕರ್ಷವು ಗುರುತ್ವದ ಐದನೆಯ ಒಂದು ಪಾಲನ್ನು ಮೀರದಿರುವುದು ಲೇಸು. ತಿರುವಿನ ತ್ರಿಜ್ಯ 30 ಮೀಟರು ಎಂದಿಟ್ಟುಕೊಂಡರೆ ವೇಗದ ವರ್ಗವು ಸುಮಾರು 59, ವೇಗವು ಸೆಕೆಂಡಿಗೆ 7.7 ಮೀಟರು, ಅಂದರೆ ಗಂಟೆಗೆ 28 ಕಿಲೋಮೀಟರು. ಭೂಪಟದ ಮೂವತ್ತು ಕಿಲೋಮೀಟರು ನೆಲದ ಮೇಲೆ ಒಂದು ಗಂಟೆಯ ಕೆಲಸವೆಂದು ಇದರಿಂದ ತಿಳಿಯಿತು. ಇದರ ಮೇಲೆ ಹಳೆಯ ಊರುಗಳ ಕೋಟೆಯೊಳಕ್ಕೆ ಹೊರಗಿನವರ ಕಾರುಗಳಿಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. ಕೆಳಗೆ ನಿಲ್ಲಿಸಿ ನಡೆದೇ ಹತ್ತಬೇಕು. ಅಡಿಪಟ್ಟಿಯ ಪ್ರವಾಸ ಅಲ್ಲಿಗೇ ಮುಗಿಯಿತು. ನಮ್ಮಲ್ಲಿ ಇತಿಹಾಸದ ಮಿತ್ರರು ಮದ್ಯವನ್ನು ಮುಟ್ಟುವವರಲ್ಲ. ಇಟಲಿಯ ಕಾನೂನಿನಲ್ಲಿ ಚಾಲಕನ ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಮಿಗಿಂತ ಹೆಚ್ಚು ಮದ್ಯಸಾರ ಇರಕೂಡದಾದ್ದರಿಂದ, ಸಾರಥ್ಯವು ಸರ್ವಾನುಮತದಿಂದ ಅವರ ಪಾಲಿಗೆ ಬಂತು.

ಇಷ್ಟು ಕಷ್ಟಪಟ್ಟು ಜನರು ಗುಡ್ಡದ ನೆತ್ತಿಯಲ್ಲೇ ಏಕೆ ಮನೆ ಕಟ್ಟಿದರು? ಶತ್ರುಭಯವೆಂಬ ಉತ್ತರ ಎಲ್ಲರಿಗೂ ತಿಳಿದದ್ದು. ಇನ್ನೊಂದು ಉತ್ತರ ಮಲೇರಿಯ ಎಂಬ ಪದದಲ್ಲೇ ಅಡಗಿದೆ. ಅದು ಇಟಲಿಯ ಮಾತು. 'ಕೆಟ್ಟ ಗಾಳಿ' ಎಂದು ಅದರ ಅರ್ಥ. ಗುಡ್ಡಗಳ ನಡುವಣ ಕಣಿವೆಗಳು ಶತಮಾನಗಳ ಕಾಲ ಜೌಗುನೆಲವಾಗಿದ್ದವು. ರೋಗಕ್ಕೆ ಕಾರಣ ಗಾಳಿಯಲ್ಲ, ಸೊಳ್ಳೆ ಎಂಬುದು ಬಹಳ ತಡವಾಗಿ ತಿಳಿದರೂ, ಮೇಲಿರುವವರು ಬದುಕುವರು, ಕೆಳಗಿರುವವರು ಜ್ವರದಿಂದ ನರಳುವರು ಎಂಬ ಅನುಭವ ಸುಳ್ಳಾಗಿರಲಿಲ್ಲ. ಮಾಂಟೆಪುಲ್ಚಾನೊ ಊರಿನ ಕೆಳಗಿರುವ ಕಿಯಾನಾ ಕಣಿವೆಯಲ್ಲಿ ಹದಿನೆಂಟನೆಯ ಶತಮಾನದ ಕೊನೆಯಿಂದ ಫೊಸ್ಸೊಂಬ್ರೋನಿ ಎಂಬ ಎಂಜಿನಿಯರು ಹೊಳೆಗಳ ಕೆಸರುನೀರನ್ನೇ ಜೌಗಿನೊಳಕ್ಕೆ ಬಿಟ್ಟು, ಹೂಳಿನಿಂದಲೇ ನೆಲವನ್ನು ಎತ್ತರಿಸಿದನು. ಇಂದು ಅಲ್ಲಿ ಹೊಲಗದ್ದೆಗಳಿವೆ.

ನಮ್ಮ ಮೊದಲ ನಿಲ್ದಾಣ ಓರ್ವಿಯೆಟೊ. ಇಲ್ಲಿ ಎರಡು ರಾತ್ರಿ ತಂಗುವೆವು. ರೋಮಿನಿಂದ ಉತ್ತರಕ್ಕೆ ಹೋಗುವ ರೈಲು ಗುಡ್ಡದ ಬುಡದಲ್ಲಿ ನಮ್ಮನ್ನು ಇಳಿಸುತ್ತದೆ. ಊರು ತಲೆಯ ಮೇಲೆ, ಸುತ್ತಲೂ ಕಡಿದಿಟ್ಟಂತಿರುವ ಬಂಡೆಯ ಮೇಲಿದೆ. ಏರಲು ಹಗ್ಗದ ರೈಲುಂಟು. ಅದರ ಹಳಿಯ ಉದ್ದ ಸುಮಾರು 580 ಮೀಟರು, ಏರುವ ಎತ್ತರ ಸುಮಾರು 157 ಮೀಟರು. 1888ರಲ್ಲಿ ಅದು ಪ್ರಾರಂಭವಾದಾಗ ಅದನ್ನು ನಡೆಸುತ್ತಿದ್ದುದು ಕೇವಲ ನೀರಿನ ಭಾರ! ಒಂದೇ ಹಗ್ಗದ ಎರಡು ತುದಿಗಳಿಗೆ ಎರಡು ಗಾಡಿಗಳು. ಮೇಲಿನ ಗಾಡಿಯ ತೊಟ್ಟಿಗೆ ನೀರು ತುಂಬಿದೊಡನೆ ಅದು ಭಾರವಾಗಿ ಕೆಳಗಿಳಿಯುತ್ತ ಇನ್ನೊಂದನ್ನು ಮೇಲಕ್ಕೆಳೆಯುವುದು. ಕೆಳಗೆ ಬಂದ ಮೇಲೆ ನೀರನ್ನು ಚೆಲ್ಲಿ ಹಗುರಾಗುವುದು. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದವರಿಗೆ ಇದರ ಮರ್ಮ ಹೇಳಬೇಕಾಗಿಲ್ಲ. 1970ರಲ್ಲಿ ನಿಂತುಹೋದ ಈ ಗಾಡಿ 1990ರಿಂದ ವಿದ್ಯುತ್ತಿನಲ್ಲಿ ಓಡುತ್ತಿದೆ. ರಸಾಯನಶಾಸ್ತ್ರದ ಮಿತ್ರರು ನಡೆದೇ ಏರಿ ಹಸಿವು ಹೆಚ್ಚಿಸಿಕೊಳ್ಳುವೆನೆಂದರು. ಲೆಕ್ಕ ಹಾಕಿದೆವು: 70 ಕಿಲೋಗ್ರಾಮಿನ ದೇಹವನ್ನು 157 ಮೀಟರು ಎತ್ತಲು ಬೇಕಾದ ಶಕ್ತಿ ಸುಮಾರು 26 ಕಿಲೋಕ್ಯಾಲೊರಿ. ನಮ್ಮ ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲುಭಾಗವನ್ನು ಮಾತ್ರ ಕೆಲಸವಾಗಿ ಪರಿವರ್ತಿಸುವುದರಿಂದ ಇದನ್ನು 100 ಎನ್ನಬಹುದು. ಒಂದು ಚಪಾತಿಯ ಸಮ. ಅವರು ಹಗ್ಗದ ರೈಲಿಗೆ ಒಪ್ಪಿದರು.

ಓರ್ವಿಯೆಟೊ ನಿಂತಿರುವ ಬಂಡೆ ಬೂದಿಗಲ್ಲು. ಮೂರು ಲಕ್ಷ ವರ್ಷಗಳಿಗೂ ಹಿಂದೆ, ಇಂದು ಬೊಲ್ಸೇನಾ ಸರೋವರವಿರುವ ಕಡೆಯ ಜ್ವಾಲಾಮುಖಿಗಳು ಉಗುಳಿದ ಬಿಸಿಬೂದಿಯು ಹರಡಿ, ಗಟ್ಟಿಗೊಂಡು ಈ ಕಲ್ಲಾಯಿತು. ಇದರೊಳಗೆ ಗಾಳಿಯ ಸಣ್ಣ ಸಣ್ಣ ಗೂಡುಗಳು ತುಂಬಿರುವುದರಿಂದ ಇದು ಹಗುರ, ಕೊರೆಯಲು ಸುಲಭ, ಶಾಖವಾಹಕವಾಗಿ ಬಲು ದುರ್ಬಲ. ಎರಡೂವರೆ ಸಾವಿರ ವರ್ಷಗಳ ಹಿಂದಿನ ಎಟ್ರಸ್ಕನ್ ಜನರಿಂದ ಮೊದಲುಗೊಂಡು ಎಲ್ಲ ಕಾಲದವರೂ ತಮ್ಮ ಮನೆಯ ಕೆಳಗನ್ನು ಕೊರೆದರು. ಬಾವಿ, ಉಗ್ರಾಣ, ಆಲಿವ್ ಎಣ್ಣೆಯ ಗಾಣ, ಪಾರಿವಾಳದ ಗೂಡು, ಮದ್ಯದ ನೆಲಮಾಳಿಗೆ ಎಲ್ಲ ಸೇರಿ ಸುಮಾರು 1,200 ಗುಹೆಗಳು ಊರಿನಡಿಯಲ್ಲಿವೆ.

ಈ ನೆಲಮಾಳಿಗೆಗಳಲ್ಲಿ ಬೇಸಗೆಯೂ ಚಳಿಗಾಲವೂ ಬಹುಮಟ್ಟಿಗೆ ಒಂದೇ. ಕಾರಣವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನೆಲದ ಮೇಲಿನ ಉಷ್ಣತೆಯ ಏರಿಳಿತವು ಅಲೆಯಂತೆ ಕಲ್ಲಿನೊಳಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಕುಗ್ಗುತ್ತದೆ, ತಡವೂ ಆಗುತ್ತದೆ. ಹಗಲು ರಾತ್ರಿಗಳ ಅಲೆ ಹತ್ತು ಹನ್ನೆರಡು ಸೆಂಟಿಮೀಟರಿನಲ್ಲೇ ಮೂರನೆಯ ಒಂದು ಪಾಲಿಗೆ ಕುಗ್ಗಿದರೆ, ವರ್ಷದ ಅಲೆಗೆ ಅಷ್ಟೇ ಕುಗ್ಗಲು ಎರಡು ಮೀಟರಿಗಿಂತ ಹೆಚ್ಚು ಆಳ ಬೇಕು. ಈ ಎರಡು ಆಳಗಳ ಅನುಪಾತ 365ರ ವರ್ಗಮೂಲ, ಅಂದರೆ ಹತ್ತೊಂಬತ್ತು. ಏಳು ಮೀಟರು ಆಳದಲ್ಲಿ ವರ್ಷದ ಅಲೆ ಮೇಲಿದ್ದುದರ ಇಪ್ಪತ್ತನೆಯ ಒಂದು ಪಾಲಿಗಿಂತಲೂ ಕಡಮೆಯಾಗಿರುತ್ತದೆ. ಮೇಲೆ ಜನವರಿಗೂ ಜುಲೈಗೂ ಇಪ್ಪತ್ತು ಡಿಗ್ರಿಗಳ ವ್ಯತ್ಯಾಸವಿದ್ದರೆ ಅಲ್ಲಿ ಒಂದು ಡಿಗ್ರಿ. ತಡವೂ ಅರ್ಧ ವರ್ಷದಷ್ಟಾಗುವುದರಿಂದ ಇನ್ನೊಂದು ವಿನೋದವುಂಟು: ಮೇಲೆ ಕಡುಬೇಸಗೆ ಕಾಯುತ್ತಿರುವಾಗ ಆ ಆಳಕ್ಕೆ ಬಂದು ಮುಟ್ಟುವುದು ಹಿಂದಿನ ಚಳಿಗಾಲದ ತಂಪು!

ಓರ್ವಿಯೆಟೊದ ಬಿಳಿಯ ಮದ್ಯ ಹಿಂದೆ ಸಿಹಿಯಾಗಿದ್ದುದಕ್ಕೆ ಈ ತಂಪೂ ಒಂದು ಕಾರಣ. ದ್ರಾಕ್ಷಿರಸದ ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ಹಿತವಾದ ಬೆಚ್ಚಗೆ ಬೇಕು. ಗುಹೆಯ ತಂಪಿನಲ್ಲಿ ಅದು ಆಲಸ್ಯದಿಂದ ಕೆಲಸ ಮಾಡಿ, ಸಕ್ಕರೆಯೆಲ್ಲ ತೀರುವ ಮೊದಲೇ ಸುಮ್ಮನಾಗುತ್ತಿತ್ತು. ಈಗ ಉಕ್ಕಿನ ತೊಟ್ಟಿಗಳೂ ಶೀತಕ ಯಂತ್ರಗಳೂ ಬಂದಿರುವುದರಿಂದ ಬಹುಪಾಲು ಮದ್ಯ ಸಿಹಿಯಿಲ್ಲದ್ದು.

ಇಲ್ಲಿ ತಪ್ಪದೆ ನೋಡಬೇಕಾದದ್ದು ಸಂತ ಪ್ಯಾಟ್ರಿಕನ ಬಾವಿ. 1527ರಲ್ಲಿ ರೋಮ್ ನಗರ ಕೊಳ್ಳೆಹೋದಾಗ ಓಡಿಬಂದ ಪೋಪ್ ಏಳನೆಯ ಕ್ಲೆಮೆಂಟನು, ಮುತ್ತಿಗೆಯಾದರೆ ನೀರಿಗೆ ಏನು ಗತಿಯೆಂದು ಇದನ್ನು ತೋಡಲು ಆಜ್ಞಾಪಿಸಿದನು, ಮುಗಿದದ್ದು 1537ರಲ್ಲಿ. ಆಳ ಸುಮಾರು 53 ಮೀಟರು, ಮೆಟ್ಟಿಲು 248. ಒಂದರೊಳಗೊಂದು ಹೆಣೆದ ಎರಡು ಸುರುಳಿದಾರಿಗಳಿರುವುದರಿಂದ ಇಳಿಯುವ ಹೇಸರಗತ್ತೆಗೆ ಏರುವ ಹೇಸರಗತ್ತೆ ಎಲ್ಲಿಯೂ ಎದುರಾಗುವುದಿಲ್ಲ. ಊಟಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಿದವರಿಗೆ ನಾವು ಉತ್ತರ ಕೊಡಲಿಲ್ಲ. ಪಟ್ಟಿಯಲ್ಲಿ ಮಾತ್ರ ಉಳಿಸಿಕೊಂಡೆವು.

ಎರಡನೆಯ ದಿನ ಸುಮಾರು ಇಪ್ಪತ್ತು ಕಿಲೋಮೀಟರು ದಕ್ಷಿಣದ ಚಿವಿಟಾ ದಿ ಬಾನ್ಯೊರೇಜೊ. ಊಟದ ದೃಷ್ಟಿಯಿಂದ ಇದು ಪಟ್ಟಿಯಿಂದ ಬಿದ್ದುಹೋಗುವುದರಲ್ಲಿತ್ತು. ಆದರೆ ಇದನ್ನು ಮುಂದಿನ ಸಲ ನೋಡೋಣವೆನ್ನುವುದು ಕಷ್ಟ. ಇಲ್ಲಿಯೂ ಊರಿನ ಅಡಿಯಲ್ಲಿ ಅದೇ ಬೂದಿಗಲ್ಲು. ಅದರ ಅಡಿಯಲ್ಲಿ ಮಾತ್ರ ಒಂದು ಕಾಲಕ್ಕೆ ಸಮುದ್ರತಳವಾಗಿದ್ದ ಜೇಡಿಮಣ್ಣು. ತೊರೆಗಳೂ ಮಳೆಯೂ ಜೇಡಿಯನ್ನು ಬುಡದಿಂದ ಕರಗಿಸುತ್ತವೆ. ಆಧಾರ ತಪ್ಪಿದ ಕಲ್ಲು ಅಂಚಿನಿಂದ ಹೋಳುಹೋಳಾಗಿ ಕಳಚಿ ಬೀಳುತ್ತದೆ. 1695ರ ಭೂಕಂಪದ ಅನಂತರ ಜನರು ಬಿಟ್ಟುಹೋಗತೊಡಗಿದರು. ಸಂತ ಬೊನವೆಂಚೂರನು ಹುಟ್ಟಿದ ಮನೆ ಎಂದೋ ಪ್ರಪಾತಕ್ಕೆ ಜಾರಿತು. 'ಸಾಯುತ್ತಿರುವ ಊರು' ಎಂಬುದು ಅದಕ್ಕೆ ಅಂಟಿರುವ ಹೆಸರು. ನೆರೆಯ ಗುಡ್ಡದಿಂದ 1965ರಲ್ಲಿ ಕಟ್ಟಿದ ಕಾಲುಸೇತುವೆಯೊಂದೇ ಇದಕ್ಕೆ ದಾರಿ, 2013ರಿಂದ ಪ್ರವೇಶಧನವುಂಟು. ಓರ್ವಿಯೆಟೊ ಕೂಡ ಇದೇ ಜೇಡಿಯ ಮೇಲೆಯೇ ಕುಳಿತಿದೆ. ಅಲ್ಲಿಯ ಬಂಡೆಯಂಚು ಕುಸಿಯತೊಡಗಿದ್ದರಿಂದ 1978ರಲ್ಲಿ ಅದನ್ನು ಭದ್ರಪಡಿಸಲು ವಿಶೇಷ ಕಾನೂನನ್ನೇ ಮಾಡಬೇಕಾಯಿತು. ಬೂದಿಗಲ್ಲಿನ ತಂಪಿನಲ್ಲಿ ಮದ್ಯ ಕುಡಿಯುವವರು ಆ ಕಲ್ಲಿನ ಕೆಳಗೆ ಏನಿದೆಯೆಂಬುದನ್ನೂ ಒಮ್ಮೆ ಕಣ್ಣಾರೆ ನೋಡಲೆಂದು ಇದನ್ನು ಉಳಿಸಿದೆವು.

ಮೂರನೆಯ ದಿನ ಉತ್ತರಕ್ಕೆ ತಿರುಗಿ, 605 ಮೀಟರು ಎತ್ತರದ ಮಾಂಟೆಪುಲ್ಚಾನೊದಲ್ಲಿ ಎರಡು ರಾತ್ರಿ. ಇಲ್ಲಿಯ ಕೆಂಪು ಮದ್ಯ ಸಾಂಜೊವೇಸೆ ಎಂಬ ದ್ರಾಕ್ಷಿಯದು. ಇಲ್ಲಿ ನೋಡಬೇಕಾದದ್ದು ಪೀಪಾಯಿಗಿಂತ ಇಳಿಜಾರು. ಊರು 43 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೆಪ್ಟೆಂಬರ್ 23ರ ಸುಮಾರಿಗೆ ನಡುಹಗಲಿನ ಸೂರ್ಯ ಅಲ್ಲಿ 47 ಡಿಗ್ರಿ ಎತ್ತರಕ್ಕೆ ಮಾತ್ರ ಏರುವನು. ಕಿರಣಗಳಿಗೆ ಲಂಬವಾಗಿ ಹಿಡಿದ ಹಲಗೆಗೆ ನೂರು ಪಾಲು ಬಿಸಿಲು ಬಿದ್ದರೆ, ಸಮತಟ್ಟಾದ ಹೊಲಕ್ಕೆ 73. ತೆಂಕಣಕ್ಕೆ 15 ಡಿಗ್ರಿ ಓರೆಯಾದ ತೋಟಕ್ಕೆ 88. ಬಡಗಣಕ್ಕೆ ಅಷ್ಟೇ ಓರೆಯಾದ ತೋಟಕ್ಕೆ 53. ಒಂದೇ ಗುಡ್ಡ, ಒಂದೇ ಬಳ್ಳಿ. ಆದರೆ ಬಿಸಿಲಿನಲ್ಲಿ ಇಷ್ಟು ಅಂತರ. ತಡವಾಗಿ ಹಣ್ಣಾಗುವ ಸಾಂಜೊವೇಸೆಗೆ ಕೊನೆಯ ಆ ಕೆಲವು ವಾರಗಳ ಬಿಸಿಲೇ ಜೀವಾಳ. ರಾತ್ರಿ ತಣ್ಣಗಾದ ಗಾಳಿಯು ಭಾರವಾಗಿ ಕಣಿವೆಗೆ ಜಾರುವುದರಿಂದ, ಮಂಜೂ ಹಿಮವೂ ಕೆಳಗೆ ನಿಂತು, ಇಳಿಜಾರಿನ ನಡುಭಾಗ ಬೆಚ್ಚಗೆ ಉಳಿಯುತ್ತದೆ. ತೋಟಗಾರರು ಇದನ್ನು ಉಷ್ಣಮಾಪಕ ಹುಟ್ಟುವುದಕ್ಕೂ ಮುಂಚೆ ಬಲ್ಲರು.

ಹತ್ತಿರದ ಪಿಯೆಂಜಾದಲ್ಲಿ ಕುರಿಹಾಲಿನ ಪೆಕೊರೀನೊ ಚೀಸ್ ತಿನ್ನಲು ಅರ್ಧ ದಿನ. ಪೋಪ್ ಎರಡನೆಯ ಪಿಯುಸನು ತಾನು ಹುಟ್ಟಿದ ಹಳ್ಳಿಯನ್ನು 1459ರಿಂದ ಹೊಸದಾಗಿ ಕಟ್ಟಿಸಿದ ಊರಿದು. ಚರ್ಚಿನ ಹಿಂಭಾಗ ಇಳಿಜಾರಿನ ಸಡಿಲ ನೆಲದ ಮೇಲೆ ಬಂದುದರಿಂದ ಅದು ಅಂದಿನಿಂದಲೂ ಕುಸಿಯುತ್ತ, ಬಿರುಕು ಬಿಡುತ್ತ ಇದೆ.

ಯಾವ ತಿಂಗಳಲ್ಲಿ ಹೋಗಬೇಕೆಂಬುದರ ಮೇಲೆ ನಮ್ಮಲ್ಲಿ ಜಗಳವೇ ಆಯಿತು. ಕೊನೆಯ ಊರಾದ ಕಾಸ್ಟೆಲ್ಲುಚೊದ ಬಯಲು ಹೂವಾಗುವುದು ಜೂನ್, ಜುಲೈನಲ್ಲಿ. ಅದರ ಕೆಳಗಿನ ನೋರ್ಚಾ ಪಟ್ಟಣದ ಹೆಮ್ಮೆಯಾದ ಕಪ್ಪು ಟ್ರಫಲ್, ಎಂದರೆ ಮರದ ಬೇರಿನ ಬಳಿ ನೆಲದೊಳಗೆ ಬೆಳೆಯುವ ಅಣಬೆ, ದೊರೆಯುವುದು ಚಳಿಗಾಲದಲ್ಲಿ. ದ್ರಾಕ್ಷಿಯ ಕೊಯ್ಲು ಸೆಪ್ಟೆಂಬರಿನಲ್ಲಿ. ಮೂರೂ ಒಂದೇ ವಾರದಲ್ಲಿ ಬರಲಾರವು. ನಾವು ಸೆಪ್ಟೆಂಬರಿನ ಕೊನೆಯ ವಾರವನ್ನು ಆರಿಸಿ, ಹೂವನ್ನೂ ಅಣಬೆಯನ್ನೂ ಬಿಟ್ಟುಕೊಟ್ಟೆವು. ರಸಾಯನಶಾಸ್ತ್ರದವರ ಮುಖ ಇನ್ನೂ ಸರಿಹೋಗಿಲ್ಲ.

ಐದನೆಯ ದಿನ ಪೂರ್ವಕ್ಕೆ, ಅಪೆನೈನ್ ಪರ್ವತಗಳೊಳಗಿನ ನೋರ್ಚಾಕ್ಕೆ. ಈ ಪ್ರದೇಶವನ್ನು 2016ರ ಆಗಸ್ಟ್ 24ರಂದು 6.0 ಪರಿಮಾಣದ ಭೂಕಂಪವೂ, ಅಕ್ಟೋಬರ್ 30ರಂದು 6.5 ಪರಿಮಾಣದ ಇನ್ನೊಂದೂ ನಡುಗಿಸಿದವು. ಅಂಕಿಗಳಲ್ಲಿ ಅರ್ಧ ಮಾತ್ರ ವ್ಯತ್ಯಾಸವಿದ್ದರೂ ಬಿಡುಗಡೆಯಾದ ಶಕ್ತಿಯಲ್ಲಿ ಐದೂವರೆ ಪಟ್ಟು ಹೆಚ್ಚು. ಮೊದಲನೆಯದು ನೆರೆಯ ಅಮಾತ್ರಿಚೆ ಮುಂತಾದ ಊರುಗಳಲ್ಲಿ ಸುಮಾರು ಮುನ್ನೂರು ಜನರನ್ನು ಬಲಿತೆಗೆದುಕೊಂಡಿತು. ಎರಡನೆಯದರಲ್ಲಿ ನೋರ್ಚಾದ ಸಂತ ಬೆನೆಡಿಕ್ಟನ ದೇವಾಲಯ ಮುಂಗೋಡೆಯೊಂದನ್ನುಳಿದು ಕುಸಿದುಬಿತ್ತು. ಜನರು ಆ ವೇಳೆಗೆ ಮನೆಗಳನ್ನು ತೊರೆದಿದ್ದುದರಿಂದ ಜೀವಗಳು ಉಳಿದವು. ಮೇಲಿನ ಕಾಸ್ಟೆಲ್ಲುಚೊ ಹಳ್ಳಿಯ ಬಹುಭಾಗ ನೆಲಸಮವಾಯಿತು.

ಹೀಗಿರುವ ಕಡೆ ತಿಂದು ಕುಡಿಯಲು ಹೋಗುವುದು ಸರಿಯೇ ಎಂದು ಇತಿಹಾಸದ ಮಿತ್ರರು ಕೇಳಿದರು. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಮ್ಮನ್ನು ಒಪ್ಪಿಸಿದ್ದು ಮಸೂರ, ಅಂದರೆ ನಮ್ಮ ಚನ್ನಂಗಿಬೇಳೆಯ ಕಾಳು. ಕಾಸ್ಟೆಲ್ಲುಚೊದ ಕೆಳಗಿರುವ ದೊಡ್ಡ ಬಯಲಿನಲ್ಲಿ ಬೆಳೆಯುವ ಈ ಕಾಳು ಬಲು ಸಣ್ಣದು, ಸಿಪ್ಪೆ ತೆಳು, ನೆನೆಹಾಕದೆಯೇ ಬೇಯುತ್ತದೆ. ನೆಲದ ಪದರಗಳು ಬಿರಿದು, ಒಂದು ಪಕ್ಕ ಜಾರಿ ತಗ್ಗಾದಲ್ಲಿ ಆ ಬಯಲು ಉಂಟಾದದ್ದು. 2016ರಲ್ಲಿ ಹಳ್ಳಿಯನ್ನು ಕೆಡವಿದ್ದೂ ಅದೇ ಜಾರುವಿಕೆ; ಪಕ್ಕದ ವೆತ್ತೋರೆ ಪರ್ವತದ ಮೈಮೇಲೆ ಆ ಹೊಸ ಬಿರುಕು ಕಣ್ಣಿಗೆ ಕಾಣುವಂತಿತ್ತು. ರಸ್ತೆಗಳು ಕುಸಿದಿದ್ದರೂ 2017ರ ವಸಂತದಲ್ಲಿ ರೈತರು ಟ್ರ್ಯಾಕ್ಟರುಗಳನ್ನು ಸಾಲಾಗಿ ಮೇಲಕ್ಕೊಯ್ದು ಬಿತ್ತನೆ ಮಾಡಿದರು. ಬಿತ್ತಿದವರ ಬೆಳೆಯನ್ನು ಕೊಳ್ಳುವವರು ಬೇಕಲ್ಲವೆ? ಆರನೆಯ ದಿನ ಅಲ್ಲಿಗೇ ಎಂದು ಬರೆದುಕೊಂಡೆವು. ಏಳನೆಯದು ರೋಮಿಗೆ ಹಿಂತಿರುಗಲು.

ಕಾಸ್ಟೆಲ್ಲುಚೊ 1,452 ಮೀಟರು ಎತ್ತರದಲ್ಲಿದೆ. ಸುಮಾರು 300 ಮೀಟರು ಏರಿದಂತೆಲ್ಲ ನೀರಿನ ಕುದಿಬಿಂದು ಒಂದೊಂದು ಡಿಗ್ರಿ ಇಳಿಯುವುದರಿಂದ, ಬೆಂಗಳೂರಿನಲ್ಲಿ 97 ಡಿಗ್ರಿಗೆ ಕುದಿಯುವ ನೀರು ಅಲ್ಲಿ 95ಕ್ಕೇ ಕುದಿಯಬೇಕು. ಪ್ರಯೋಗಶಾಲೆಯಿಂದ ಒಂದು ಉಷ್ಣಮಾಪಕವನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇವೆ. ಅಲ್ಲಿಯ ಊಟದ ಮನೆಯವರು ಒಪ್ಪಿದರೆ ಕಾಳು ಬೇಯುವ ಪಾತ್ರೆಯಲ್ಲಿ ಅದನ್ನು ಅದ್ದಿ ನೋಡುವೆವು.