ಅಕ್ಕಲಕೋಟದಿಂದೊಂದು ಟಿಕೆಟ್

ಸೊಲ್ಲಾಪುರ ಜಿಲ್ಲೆಯ ಕನ್ನಡಿಗರ ಹೆಸರು ಸರ್ಕಾರಿ ಕಾಗದದ ಮೇಲೆ ಮೊದಲು ಮೂಡುವುದು ದೇವನಾಗರಿಯಲ್ಲಿ. ಜನನ ದಾಖಲೆ, ರೇಷನ್ ಕಾರ್ಡು, ಹೊಲದ ಪಹಣಿಯಾದ ಸಾತಬಾರಾ ಉತಾರಾ ಎಲ್ಲವೂ ಮರಾಠಿ. ಮರಾಠಿಯ ದಿನಬಳಕೆಯ ಬರವಣಿಗೆಯಲ್ಲಿ ಎ–ಏ, ಒ–ಓ ಎಂಬ ಭೇದವಿಲ್ಲ. ಹಾಗಾಗಿ ‘ಒಡೆಯರ’ ಎಂಬ ಅಡ್ಡಹೆಸರು ಅಲ್ಲಿ ದೀರ್ಘವಾಗಿಯೇ ಕೂರುತ್ತದೆ. ಅದನ್ನು ಕಂಪ್ಯೂಟರಿಗೆ ಕೊಟ್ಟು ಅಕ್ಷರಕ್ಕೆ ಅಕ್ಷರ ಹೊಂದಿಸಿ ಕನ್ನಡಕ್ಕೆ ತಿರುಗಿಸಿದರೆ ಹೊರಬರುವುದು ‘ಓಡೇಯರ’. ಯೂನಿಕೋಡ್‌ನವರು ದ್ರಾವಿಡ ಭಾಷೆಗಳಿಗೂ ಒದಗುವಂತೆ ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಜಾಗ ಕೊಟ್ಟಿದ್ದಾರೆ, ನಿಜ. ಮರಾಠಿಯಲ್ಲಿ ಟೈಪು ಮಾಡುವ ಗುಮಾಸ್ತ ಅದನ್ನೇಕೆ ಹುಡುಕಿಕೊಂಡು ಹೋದಾನು?

ಈ ತಪ್ಪು ಯಾರ ಕಣ್ಣಿಗೆ ಬೀಳಬೇಕು? ಪುಣೆಯ ಪ್ರೋಗ್ರಾಮರ್‌ಗೆ ಕನ್ನಡ ಬಾರದು. ಬೆಂಗಳೂರಿನ ಪರೀಕ್ಷಕನ ಮುಂದೆ ಮರಾಠಿ ಮೂಲ ಇರುವುದಿಲ್ಲ. ಎರಡೂ ಲಿಪಿ ಓದಬಲ್ಲವರು ಅಕ್ಕಲಕೋಟ, ಮೈಂದರ್ಗಿ, ದುಧನಿ ಕಡೆಯವರು. ಅವರು ನೋಡಿ, ನಕ್ಕು, ‘ಯಾರಿಗೆ ಹೇಳೂದ್ರೀ ಇದನ್ನ’ ಎಂದು ಸುಮ್ಮನಾಗುತ್ತಾರೆ.

ಹೇಳಲು ಜಾಗವಿದೆ. ಸಾಫ್ಟ್‌ವೇರ್ ಒಮ್ಮೆ ಬರೆದು ಕೈತೊಳೆದುಕೊಳ್ಳುವ ಸರಕಲ್ಲ. ಏನು ಬೇಕೆಂದು ಕೇಳಬೇಕು, ನಕ್ಷೆ ಹಾಕಬೇಕು, ಕೋಡ್ ಬರೆಯಬೇಕು, ಪರೀಕ್ಷಿಸಬೇಕು, ಬಿಡುಗಡೆ ಮಾಡಬೇಕು, ಬಂದ ದೂರುಗಳನ್ನು ಹಿಡಿದು ಮತ್ತೆ ಮೊದಲಿನಿಂದ ತೊಡಗಬೇಕು. ಒಂದೊಂದು ಊರಿನಲ್ಲಿ ಕುಳಿತ ಹತ್ತಾರು ಜನ ಒಬ್ಬರ ಕೆಲಸ ಒಬ್ಬರು ಕೆಡಿಸದಂತೆ ಈ ಚಕ್ರ ತಿರುಗಿಸಲು ಉಪಕರಣಗಳಿವೆ. ಮೊಜಿಲ್ಲಾ ಬಳಗ 1998ರಲ್ಲಿ ಬಗ್‌ಜಿಲ್ಲಾ ಎಂಬ ದೂರಿನ ವಹಿ ತೆರೆಯಿತು. 2002ರಲ್ಲಿ ಆಸ್ಟ್ರೇಲಿಯಾದ ಅಟ್ಲಾಸಿಯನ್ ಕಂಪನಿ ಜಿರಾ ತಂದಿತು. ಗಾಡ್‌ಜಿಲ್ಲಾ ರಾಕ್ಷಸನ ಜಪಾನಿ ಹೆಸರು ಗೋಜಿರಾ; ಅದರ ಬಾಲವೇ ಈ ಜಿರಾ. ಇಂದು ಪುಣೆಯ ಹಿಂಜವಡಿಯ ಐಟಿ ಕಚೇರಿಗಳಲ್ಲಿ ಬೆಳಗ್ಗೆ ಚಹಾಕ್ಕೂ ಮೊದಲು ತೆರೆಯುವುದು ಅದನ್ನೇ.

ಎಲ್ಲಕ್ಕಿಂತ ದೊಡ್ಡ ತಿರುವು ಗಿಟ್. ಲಿನಕ್ಸ್ ಕಟ್ಟುತ್ತಿದ್ದವರು ಕೋಡ್ ಬದಲಾವಣೆಗಳ ಲೆಕ್ಕ ಇಡಲು ಬಳಸುತ್ತಿದ್ದ ಬಿಟ್‌ಕೀಪರ್‌ನ ಪುಕ್ಕಟೆ ಪರವಾನಗಿ ನಿಂತುಹೋದಾಗ, 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಮೂಲಕರ್ತ ಲಿನಸ್ ಟೋರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ ಗಿಟ್‌ನ ಮೊದಲ ರೂಪ ಬರೆದರು. ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಪೂರ್ತಿ ಚರಿತ್ರೆ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ. ಮಂಗಳವೇಢೆ ತಾಲ್ಲೂಕಿನ ನಂದೇಶ್ವರದಲ್ಲಿ ಕುಳಿತವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ: ನೆಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಮಾಡಿದ್ದನ್ನು ಮಾಡಿದಂತೆ ದಾಖಲಿಸುತ್ತ ಹೋಗಿ, ಸಂಜೆ ಸಿಗ್ನಲ್ ಬಂದಾಗ ಒಟ್ಟಿಗೆ ಕಳುಹಿಸಿದರಾಯಿತು. ಗಿಟ್‌ಹಬ್ 2008ರಲ್ಲಿ ಇದಕ್ಕೊಂದು ಸಾರ್ವಜನಿಕ ಕಟ್ಟೆ ಕಟ್ಟಿಕೊಟ್ಟಿತು. ಹತ್ತು ವರ್ಷದ ನಂತರ ಮೈಕ್ರೋಸಾಫ್ಟ್ 750 ಕೋಟಿ ಡಾಲರ್ ಕೊಟ್ಟು ಕಟ್ಟೆಯನ್ನೇ ಕೊಂಡಿತು.

ಒಡೆಯರಿಗೆ ಮರಳೋಣ. ‘ನಿಮ್ಮ ಕನ್ನಡ ಸರಿಯಿಲ್ಲ’ ಎಂದು ಬರೆದ ಟಿಕೆಟ್, ಅಂದರೆ ಇಂಥ ವಹಿಯಲ್ಲಿ ದಾಖಲಿಸಿದ ದೂರು, ಆ ದಿನವೇ ಮುಚ್ಚಿಹೋಗುತ್ತದೆ. ನಾನು ಏನು ಕೊಟ್ಟೆ, ಏನು ಬರಬೇಕಿತ್ತು, ಏನು ಬಂತು, ಯಾವ ಆವೃತ್ತಿಯಲ್ಲಿ – ಇಷ್ಟು ಬರೆದರೆ ದೂರದ ಅಪರಿಚಿತನಿಗೂ ತಪ್ಪು ತನ್ನ ಪರದೆಯ ಮೇಲೆ ಕಾಣುತ್ತದೆ. ಅವನು ಮೊದಲು ಸುಲಭದ ಉಪಾಯ ಹೂಡುತ್ತಾನೆ: ದೀರ್ಘ ಕಂಡಲ್ಲೆಲ್ಲ ಹ್ರಸ್ವ ಮಾಡು. ಆಗ ದೇವೇಂದ್ರ ‘ದೆವೆಂದ್ರ’ನಾಗುತ್ತಾನೆ. ಅಂದರೆ ಇದು ಕೋಡಿನಿಂದ ಮಾತ್ರ ಬಗೆಹರಿಯುವ ಸಮಸ್ಯೆಯಲ್ಲ. ಆ ಸೀಮೆಯ ಅಡ್ಡಹೆಸರು, ಊರಹೆಸರುಗಳ ಪಟ್ಟಿ ಬೇಕು. ಪಟ್ಟಿ ಮಾಡಬಲ್ಲವರು ಅಕ್ಕಲಕೋಟದ ಕನ್ನಡ ಶಾಲೆಯ ಮಾಸ್ತರರು. ಕೋಡ್ ಬರೆಯಲು ಬಾರದವರ ತಿಳಿವಳಿಕೆಗೂ ಈ ಉಪಕರಣಗಳಲ್ಲಿ ಜಾಗವಿದೆ ಎಂಬುದನ್ನು ನಮ್ಮವರು ಇನ್ನೂ ನಂಬಿಲ್ಲ. ಪಟ್ಟಿ ಸೇರಿದ ಮೇಲೆ ‘ಒಡೆಯರ’ ಎಂಬುದೇ ಒಂದು ಪರೀಕ್ಷೆಯಾಗಿ ಉಳಿಯುತ್ತದೆ. ಯಾರು ಎಲ್ಲಿಂದ ಕೋಡ್ ಬದಲಿಸಿದರೂ ಯಂತ್ರ ತಾನಾಗಿ ಆ ಹೆಸರನ್ನು ಓಡಿಸಿ ನೋಡುತ್ತದೆ. ತಪ್ಪಿದರೆ ಕೆಂಪು ಗುರುತು ಹಾಕುತ್ತದೆ.

ಇಂಥದೇ ಇನ್ನೊಂದು ಕನ್ನಡದ ಕೀಟಲೆ ‘ರ‍್ಯಾಂಕ್’. ಅದರಲ್ಲಿ ರಕಾರ ಅರ್ಕಾವತ್ತಾಗದೆ ಮುಂದೆಯೇ ನಿಲ್ಲಲು ಜೀರೋ ವಿಡ್ತ್ ಜಾಯ್ನರ್ ಎಂಬ ಕಣ್ಣಿಗೆ ಕಾಣದ ಸಂಕೇತವೊಂದು ಒಳಗಿರುತ್ತದೆ. ಕಾಣದ್ದೆಲ್ಲ ಕಸವೆಂದು ಪ್ರೋಗ್ರಾಮ್ ಗುಡಿಸಿಹಾಕಿದರೆ ಉಳಿಯುವುದು ‘ರ್ಯಾಂಕ್’. ಕನ್ನಡ ಓದುವವರು ತಡೆಯದಿದ್ದರೆ ಇನ್ಯಾರೂ ತಡೆಯುವುದಿಲ್ಲ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿ ಇಲ್ಲದೇ ಇಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ, ಒಂದೂವರೆ ಲಕ್ಷ ಪದಗಳೊಂದಿಗೆ, ಮುಕ್ತ ದತ್ತಾಂಶವಾಗಿ ಹೊರಬಂತು. ಇಂದು ಯಾರು ಬೇಕಾದರೂ ಅದನ್ನು ಇಳಿಸಿಕೊಂಡು ತಮ್ಮ ಪ್ರೋಗ್ರಾಮಿಗೆ ಜೋಡಿಸಬಹುದು. ಫೈರ್‌ಫಾಕ್ಸ್‌ನ ಕನ್ನಡ ಅನುವಾದ ನಡೆಯುವ ಪಾಂಟೂನ್, ವಿಕಿಪೀಡಿಯ ಪುಟಗಳ ಗುಂಡಿ–ಸೂಚನೆಗಳು ಕನ್ನಡವಾಗುವ ಟ್ರಾನ್ಸ್‌ಲೇಟ್‌ವಿಕಿ – ಇವೆರಡರಲ್ಲೂ ಒಬ್ಬರು ಸೂಚಿಸಿದ್ದನ್ನು ಇನ್ನೊಬ್ಬರು ತಿದ್ದಬಹುದು.

ಸೊಲ್ಲಾಪುರದವರಿಗೆ ಇದು ಇನ್ನೂ ಹತ್ತಿರದ ಸಂಗತಿ. ಇದೇ ಜಿಲ್ಲೆಯ ಪರಿತೇವಾಡಿಯ ಶಿಕ್ಷಕ ರಣಜಿತಸಿಂಹ ಡಿಸಲೆ ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಅಂಟಿಸಿ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದರು. 2017ರಲ್ಲಿ ಶುರುವಾದ ಕೇಂದ್ರದ ಶಾಲಾ ಕಲಿಕೆಯ ದೀಕ್ಷಾ ವೇದಿಕೆಯ ತಳಪಾಯ ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ ಕಟ್ಟಿದ ಸನ್‌ಬರ್ಡ್; ಅದರ ಕೋಡ್ ಗಿಟ್‌ಹಬ್‌ನಲ್ಲಿ ತೆರೆದೇ ಇದೆ. ಪುಣೆಯ ಪಠ್ಯಪುಸ್ತಕ ಮಂಡಳಿ ಬಾಲಭಾರತಿ ಕನ್ನಡದಲ್ಲೂ ಪಠ್ಯ ಅಚ್ಚುಹಾಕುತ್ತದೆ; ಅಲ್ಲಿಯ ತಪ್ಪು ಹಿಡಿಯಬಲ್ಲವರೂ ಇಲ್ಲಿಯ ಮಾಸ್ತರರೇ.

ಇದೆಲ್ಲ ಸರಾಗ ಎಂದುಕೊಳ್ಳಬೇಡಿ. ಟಿಕೆಟ್‌ನ ಭಾಷೆ ಇಂಗ್ಲಿಷು. ಕಚೇರಿಗಳಲ್ಲಂತೂ ಇದೇ ಉಪಕರಣ ಕಾವಲಿಗೆ ನಿಂತಿದೆ. ಟೊಯೊಟಾದ ತೈಇಚಿ ಓನೊ ಕಾನ್‌ಬಾನ್ ಚೀಟಿ ತಂದದ್ದು ಬೇಕಾದದ್ದು ಬೇಕಾದಷ್ಟೇ ತಯಾರಾಗಲಿ, ಕೆಲಸ ರಾಶಿ ಬೀಳದಿರಲಿ ಎಂದು. ನಮ್ಮ ಮ್ಯಾನೇಜರುಗಳಿಗೆ ಜಿರಾದಲ್ಲಿರುವ ಆ ಚೀಟಿಗಳ ಫಲಕ ಯಾರು ಹಿಂದೆ ಬಿದ್ದಿದ್ದಾರೆಂದು ಎಣಿಸುವ ಹಾಜರಿ ಪುಸ್ತಕವಾಗಿದೆ. ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು ಪುಣೆಗೆ ಹೋದ ಸೊಲ್ಲಾಪುರದ ಹುಡುಗರಿಗೆ ಜಿರಾ ಎಂದರೆ ಮೈ ಪರಚಿಕೊಳ್ಳುವಂತಾಗುವುದಕ್ಕೆ ಕಾರಣ ಜಿರಾ ಅಲ್ಲ.

ಗಡಿ ಕನ್ನಡಿಗರಿಗೆ ಅರ್ಜಿ ಬರೆದು ಕಾಯುವುದು ಹೊಸದಲ್ಲ. ಅಕ್ಕಲಕೋಟವನ್ನು ಮೈಸೂರು ರಾಜ್ಯಕ್ಕೆ ಸೇರಿಸಿ ಎಂದು ಮಹಾಜನ ಆಯೋಗ ಹೇಳಿದ್ದು 1967ರಲ್ಲಿ. ಆ ಟಿಕೆಟ್ ಇನ್ನೂ ಓಪನ್ ಇದೆ. ಸಾಫ್ಟ್‌ವೇರಿನಲ್ಲಿ ಅಷ್ಟು ಸಹನೆ ನಡೆಯುವುದಿಲ್ಲ. ಎಷ್ಟೋ ಯೋಜನೆಗಳಲ್ಲಿ ಬಹುದಿನ ಯಾರೂ ಮಾತಾಡದ ದೂರನ್ನು ಬಾಟ್ ತಾನೇ ಮುಚ್ಚಿಬಿಡುತ್ತದೆ. ಹಾಗಾಗಿ ಬರೆದವರು ಹೊಸ ಆವೃತ್ತಿ ಬಂದಾಗಲೆಲ್ಲ ‘ಒಡೆಯರ’ ಎಂದು ಹಾಕಿ ನೋಡಿ, ತಪ್ಪು ಹಾಗೇ ಇದ್ದರೆ, ಅದೇ ಟಿಕೆಟ್‌ನ ಕೆಳಗೆ ಆವೃತ್ತಿಯ ಸಂಖ್ಯೆ ಸಮೇತ ಇನ್ನೊಂದು ಸಾಲು ಬರೆಯಬೇಕು.